ಸಾಂಕ್ರಾಮಿಕ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗೆ ಎರಡು ಮಾಸ್ಕ್, ಎರಡು ಜೊತೆ ಗ್ಲೌಸ್ ಸಾಕೇ?

ನಿಮ್ಮ ತಂಗಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಗದಗಿನ ಆಸ್ಪತ್ರೆಯೊಂದರಲ್ಲಿ ಸಾಂಕ್ರಾಮಿಕ ರೋಗಿಗಳ ವಾರ್ಡಿಗೆ ಸೇರಿದ್ದಾರೆಂದೂ, ಭಯದಿಂದ ಎಲ್ಲವನ್ನೂ ಎರಡೆರಡು ತೊಟ್ಟು ಕೆಲಸ ಮಾಡುತ್ತಿದ್ದಾರೆಂದೂ ಬರೆದಿದ್ದೀರಿ. ಹುಬ್ಬಳ್ಳಿಯಲ್ಲಿ ಇಂಥದೇ ವಾರ್ಡಿನಲ್ಲಿ ಬಹುಕಾಲ ಶುಶ್ರೂಷಾಧಿಕಾರಿಯಾಗಿ ದುಡಿದ ಅನುಭವದಿಂದ ಹೇಳುವುದಾದರೆ, ರೋಗ ಯಾವ ದಾರಿಯಿಂದ ಹರಡುತ್ತದೆ ಎಂಬುದನ್ನು ಮೊದಲು ತಿಳಿದು, ಅದಕ್ಕೆ ತಕ್ಕ ರಕ್ಷಣೆಯನ್ನಷ್ಟೇ ತೊಡಬೇಕು.

ಕ್ಷಯ, ದಡಾರ, ಚಿಕನ್‌ಪಾಕ್ಸ್ ಗಾಳಿಯಲ್ಲಿ ಹರಡುತ್ತವೆ. ಅಲ್ಲಿ ನರ್ಸ್‌ಗೆ ಮುಖಕ್ಕೆ ಸರಿಯಾಗಿ ಕೂರುವ ಒಂದು ಎನ್95 ಬೇಕು, ರೋಗಿಗೆ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಸಾಕು. ಎಷ್ಟೋ ಕಡೆ ಇದು ತಿರುವುಮುರುವಾಗಿರುತ್ತದೆ. ಕಿಟಕಿ ತೆರೆದಿಡುವುದು ಅಷ್ಟೇ ಮುಖ್ಯ, ಆದರೆ ತಂಪು ಗಾಳಿ ತಾಗುತ್ತದೆಂದು ಸಂಜೆಯಾಗುತ್ತಲೇ ಜೊತೆಗಿರುವವರು ಅದನ್ನು ಮುಚ್ಚಿಬಿಡುತ್ತಾರೆ. ಕಾಲರಾ, ಟೈಫಾಯ್ಡ್ ಮಲದ ಮೂಲಕ ಹರಡುವುದರಿಂದ ಅಲ್ಲಿ ಮಾಸ್ಕ್‌ಗಿಂತ ಗ್ಲೌಸ್, ಏಪ್ರನ್ ಮತ್ತು ಸೋಪು ಉಪಯುಕ್ತ. ಡೆಂಗಿ ರೋಗಿಯನ್ನು ಮುಟ್ಟಿದರೆ ಏನೂ ಆಗದು, ಸೊಳ್ಳೆಪರದೆ ಕಟ್ಟಬೇಕು. ಎಚ್‌ಐವಿ ಅಥವಾ ಹೆಪಟೈಟಿಸ್ ಬಿ ಇರುವವರ ತಟ್ಟೆ ಲೋಟ ಬೇರೆ ಇಡುವುದಕ್ಕೆ ಯಾವ ಕಾರಣವೂ ಇಲ್ಲ, ಅದರಿಂದ ಅವರ ಮನಸ್ಸು ನೋಯುವುದಷ್ಟೇ.

ಎರಡು ಜೊತೆ ಗ್ಲೌಸ್ ತೊಟ್ಟವರಲ್ಲಿ ನಾನು ಕಂಡಿರುವ ದೋಷವೆಂದರೆ, ಅದೇ ಕೈಯಿಂದ ಮುಂದಿನ ಹಾಸಿಗೆಯ ಸಲೈನ್, ಕೇಸ್‌ಶೀಟ್, ಕೊನೆಗೆ ಮೊಬೈಲನ್ನೂ ಮುಟ್ಟುವುದು. ಗ್ಲೌಸ್ ಒಬ್ಬ ರೋಗಿಗೆ ಒಂದೇ ಸಲ. ತೆಗೆದ ಮೇಲೂ ಕೈ ತೊಳೆಯಲೇಬೇಕು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು; ಭೇದಿಯ ರೋಗಿಯಾದರೆ ಸೋಪು ನೀರೇ ಆಗಬೇಕು. ಸೋಂಕು ತಗಲುವ ಸಾಧ್ಯತೆ ಹೆಚ್ಚಾಗಿರುವುದು ರಕ್ಷಣಾ ಉಡುಪನ್ನು ಕಳಚುವಾಗ, ಏಕೆಂದರೆ ಡ್ಯೂಟಿ ಮುಗಿದ ಅವಸರದಲ್ಲಿ ಮೊದಲು ಮಾಸ್ಕಿಗೇ ಕೈ ಹೋಗುತ್ತದೆ. ಮೊದಲು ಗ್ಲೌಸ್, ನಂತರ ಕನ್ನಡಕ, ಗೌನ್. ಎನ್95 ಮಾತ್ರ ಕೋಣೆಯಿಂದ ಹೊರಬಂದ ಮೇಲೆ, ಪಟ್ಟಿ ಹಿಡಿದು ತೆಗೆಯಬೇಕು.

ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ನೇರವಾಗಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. ಚುಚ್ಚಿಕೊಂಡರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು, ಆಗಲೇ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಯೊಳಗೆ ಆರಂಭಿಸಬೇಕು, 72 ಗಂಟೆ ಮೀರಬಾರದು. ಬೈಗುಳದ ಹೆದರಿಕೆಯಿಂದ ಇದನ್ನು ಮುಚ್ಚಿಡುವ ಹೊಸಬರು ಬಹಳ.

ಇನ್ನು ರೋಗಿಯ ಕಡೆಯವರು. ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವ ಬಂಧುಗಳು ಹಾಸಿಗೆಯ ಮೇಲೆಯೇ ಕುಳಿತು ಒಂದೇ ತಂಬಿಗೆಯಿಂದ ನೀರು ಕುಡಿಯುತ್ತಾರೆ. ಗದರಿಸಿದರೆ ಆ ಹೊತ್ತಿಗೆ ಏಳುತ್ತಾರೆ, ನೀವು ತಿರುಗಿದೊಡನೆ ಮತ್ತೆ ಕೂರುತ್ತಾರೆ. ಒಬ್ಬರನ್ನೇ ನಿಗದಿ ಮಾಡಿ, ಕೈ ತೊಳೆಯುವುದನ್ನು ಎದುರಿಗೆ ನಿಂತು ತೋರಿಸಿಕೊಟ್ಟರೆ ಉಳಿದವರನ್ನು ಅವರೇ ಹಿಡಿತದಲ್ಲಿಡುತ್ತಾರೆ. ಕ್ಷಯರೋಗಿಗೆ ರಿಫಾಂಪಿಸಿನ್ ಎಂಬ ಔಷಧದಿಂದ ಮೂತ್ರ ಕಿತ್ತಳೆ ಕೆಂಪಾಗುತ್ತದೆಂದು ಮೊದಲ ದಿನವೇ ಹೇಳಬೇಕು. ಇಲ್ಲವಾದರೆ ರಕ್ತ ಹೋಗುತ್ತಿದೆಯೆಂದು ಹೆದರಿ, ಸಾಮಾನ್ಯವಾಗಿ 6 ತಿಂಗಳು ನಡೆಯಬೇಕಾದ ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುತ್ತಾರೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ ₹1,000 ಆಗಿದೆ. ರೋಗಿಯ ಬ್ಯಾಂಕ್ ಖಾತೆಯ ವಿವರ ದಾಖಲಾಗಿದೆಯೇ ಎಂದು ವಿಚಾರಿಸುವುದನ್ನೂ ನಾನು ಶುಶ್ರೂಷೆಯ ಭಾಗವೆಂದೇ ಎಣಿಸುತ್ತೇನೆ.

ನಿಮ್ಮ ತಂಗಿ ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್‌ಗಳನ್ನು ಪೂರ್ಣಗೊಳಿಸಿದ್ದಾರೆಯೇ, ಚಿಕನ್‌ಪಾಕ್ಸ್ ಹಿಂದೆ ಬಂದಿತ್ತೇ ಎಂದು ಇಂದೇ ಕೇಳಿ. ಲಸಿಕೆ ಆಗಿಲ್ಲವಾದರೆ ಮೊದಲ ಡೋಸ್ ಈ ವಾರವೇ ಹಾಕಿಸಲಿ, ಮುಂದಿನವು 1 ಮತ್ತು 6 ತಿಂಗಳಿಗೆ. ಚಿಕನ್‌ಪಾಕ್ಸ್ ಬಂದಿಲ್ಲ, ಅದರ ಲಸಿಕೆಯೂ ಆಗಿಲ್ಲವೆಂದಾದರೆ ಆ ರೋಗಿಗಳ ಹೊಣೆಯನ್ನು ಬೇರೆಯವರಿಗೆ ವಹಿಸುವಂತೆ ವಾರ್ಡಿನ ಮೇಲ್ವಿಚಾರಕರನ್ನು ಕೇಳಲಿ.