ಸರ್ಕಾರಿ ಲಸಿಕೆಗೆ ಜ್ವರ ಬರುತ್ತೆ, ಪ್ರೈವೇಟಿನ ‘ಪೇನ್‌ಲೆಸ್‌’ಗೆ ಬರಲ್ಲವಂತೆ. ಮಗುವಿಗೆ ಯಾವುದು ಹಾಕಿಸಲಿ?

ಮಗುವಿಗೆ ಒಂದೂವರೆ ತಿಂಗಳಾಗುತ್ತಿದೆ, ಪಕ್ಕದ ಮನೆಯವರು ದುಡ್ಡು ಕೊಟ್ಟು ಪೇನ್‌ಲೆಸ್ ಹಾಕಿಸಿ ಅಂತಿದ್ದಾರೆ ಎಂದು ಬರೆದಿದ್ದೀರಿ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ನರ್ಸ್. ಗುರುವಾರ ಬಂತೆಂದರೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ.

ಜ್ವರ ಜಾಸ್ತಿ ಬರುವುದು ನಿಜ. ಆದರೆ ಅದು ಕಳಪೆ ಮಾಲು ಅನ್ನೋ ಕಾರಣಕ್ಕಲ್ಲ. ಒಂದೂವರೆ ತಿಂಗಳಿಗೆ ನಮ್ಮಲ್ಲಿ ಹಾಕುವ ಪೆಂಟಾವೇಲೆಂಟ್‌ನಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮಿದುಳು ಜ್ವರ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ಹೀಗೆ ಐದಕ್ಕೆ ರಕ್ಷಣೆ ಇದೆ. ಜ್ವರ ತರಿಸುವುದು ಮುಖ್ಯವಾಗಿ ನಾಯಿಕೆಮ್ಮಿನ ಭಾಗ. ನಮ್ಮಲ್ಲಿ ಆ ಬ್ಯಾಕ್ಟೀರಿಯಾವನ್ನು ಕೊಂದು ಇಡಿಯಾಗಿ ಸೇರಿಸಿರುತ್ತಾರೆ. ಪೇನ್‌ಲೆಸ್‌ನಲ್ಲಿ ಅದರ ಕೆಲವೇ ಪ್ರೋಟೀನ್‌ಗಳಿರುತ್ತವೆ. ಹಾಗಾಗಿ ಜ್ವರ, ಊತ ಕಡಿಮೆ. ಹೆಸರು ಪೇನ್‌ಲೆಸ್ ಆದರೂ ಚುಚ್ಚುವುದು ಸೂಜಿಯಲ್ಲೇ, ಮಗು ಎರಡಕ್ಕೂ ಅಳುತ್ತದೆ!

ಈ ಪೇನ್‌ಲೆಸ್ ಲಸಿಕೆ ಹುಟ್ಟಿದ್ದು ಜಪಾನಿನಲ್ಲಿ. 1974-75ರ ಚಳಿಗಾಲದಲ್ಲಿ ಅಲ್ಲಿ ಇಡೀ ಬ್ಯಾಕ್ಟೀರಿಯಾದ ಹಳೆಯ ಲಸಿಕೆ ಹಾಕಿದ ಮೇಲೆ ಎರಡು ಕೂಸುಗಳು ತೀರಿಕೊಂಡವು. ಜನ ಹೆದರಿದರು, ಲಸಿಕೆ ಹಾಕಿಸುವವರು ಕಡಿಮೆಯಾದರು. 1979ರಲ್ಲಿ ಸುಮಾರು 13,000 ಜನಕ್ಕೆ ನಾಯಿಕೆಮ್ಮು ಬಂತು, 41 ಸಾವು. ಆಮೇಲೆ 1981ರಲ್ಲಿ ಈ ಮೆದು ಲಸಿಕೆ ತಂದರು. 1990ರ ದಶಕದಲ್ಲಿ ಅಮೆರಿಕವೂ ಇದಕ್ಕೇ ಬದಲಾಯಿತು. ಆದರೆ ಇದರ ಶಕ್ತಿ ಬೇಗ ಇಳಿಯುತ್ತದೆ ಅಂತ ನಂತರ ಗೊತ್ತಾಯಿತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 9,000ಕ್ಕೂ ಹೆಚ್ಚು ಜನಕ್ಕೆ ನಾಯಿಕೆಮ್ಮು ಬಂದು, 10 ಹಸುಗೂಸುಗಳು ಸತ್ತವು. ಇಡೀ ಬ್ಯಾಕ್ಟೀರಿಯಾದ ಲಸಿಕೆ ಬಳಸುವ ದೇಶಗಳು ಮೊದಲ ಡೋಸ್‌ಗಳಿಗೆ ಅದನ್ನೇ ಮುಂದುವರಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನನ್ನನ್ನು ಕೇಳಿದರೆ, ಒಂದು ರಾತ್ರಿಯ ಜ್ವರ ತಪ್ಪಿಸಲು ಸಾವಿರಾರು ರೂಪಾಯಿ ಖರ್ಚು ಮಾಡಬೇಕಿಲ್ಲ. ಪೇನ್‌ಲೆಸ್ ಹಾಕಿಸಿದರೂ ತಪ್ಪೇನಿಲ್ಲ, ಯಾವುದನ್ನೂ ಹಾಕಿಸದೇ ಇರೋದು ಮಾತ್ರ ತಪ್ಪು.

‘ಸರ್ಕಾರಿ ಫ್ರಿಜ್ ಕೆಟ್ಟಿದ್ದರೆ?’ ಅಂತಲೂ ಕೇಳಿದ್ದೀರಿ. ಬಾಟಲಿ ತೋರಿಸಿ ಅನ್ನಿ, ನಾವು ಬೇಜಾರು ಮಾಡಿಕೊಳ್ಳಲ್ಲ. ಅದರ ಮೇಲೆ ಒಂದು ವೃತ್ತ, ವೃತ್ತದೊಳಗೆ ಒಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡೂ ಒಂದೇ ಬಣ್ಣವಾಗಿದ್ದರೆ, ಅಥವಾ ಚೌಕವೇ ಜಾಸ್ತಿ ಕಪ್ಪಾಗಿದ್ದರೆ, ಬಿಸಿ ತಾಗಿ ಹಾಳಾಗಿದೆ ಎಂದರ್ಥ. ಎಕ್ಸ್‌ಪೈರಿ ತಾರೀಖನ್ನೂ ನೋಡಿಕೊಳ್ಳಿ.

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಡ್ರಾಪ್ಸ್ ಅನ್ನು ನರ್ಸ್ ಹೇಳಿದ ಅಳತೆಯಲ್ಲೇ ಹಾಕಿ. ತೊಡೆ ಉಜ್ಜಬೇಡಿ, ಎದೆಹಾಲು ಕೊಡುತ್ತಿರಿ. ಮಗು ಮೂರು ಗಂಟೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ, ಹಾಲು ಕುಡಿಯದೆ ಮಂಕಾದರೆ ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ದುಡ್ಡು ಉಳಿದರೆ ಮುಂದೆ ಸೀತಾಳೆ ಸಿಡುಬು, ಟೈಫಾಯಿಡ್ ಲಸಿಕೆಗೆ ಇಟ್ಟುಕೊಳ್ಳಿ, ಅವು ನಮ್ಮಲ್ಲಿ ಸಿಗಲ್ಲ. ಭೇದಿ ತಡೆಯುವ ರೋಟಾ, ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಗಳು ಈಗ ನಮ್ಮಲ್ಲಿ ಪುಕ್ಕಟೆ. ಬರುವಾಗ ತಾಯಿ ಕಾರ್ಡ್ ಮರೆಯಬೇಡಿ.