ಜನರ ಒತ್ತಡ ಅಳೆಯಬೇಕಾದರೆ ತಲೆ ಎಣಿಸಿದರೆ ಸಾಲದು

ಒಂದು ಉದ್ಯಮಕ್ಕೆ ಸರ್ಕಾರ ಕಡಿವಾಣ ಹಾಕಬೇಕೆಂಬ ಜನರ ಒತ್ತಡವನ್ನು ಅಂಕಿಯಲ್ಲಿ ಹೇಳಬಹುದೆ, ಅದಕ್ಕೆ ಸಮೀಕ್ಷೆ ಸಾಕೆ, ಇಲ್ಲ ಸಾಮಾಜಿಕ ಜಾಲತಾಣದ ಪೋಸ್ಟ್‌ಗಳನ್ನು ಎಣಿಸಬೇಕೆ ಎಂದು ಕೇಳಿದ್ದೀರಿ. ಸಮೀಕ್ಷೆಗಳಿಗೆ ಪ್ರಶ್ನಾವಳಿ ಬರೆಯುವುದು, ಕರಡು ನಿಯಮಗಳಿಗೆ ಬಂದ ಆಕ್ಷೇಪಣೆಗಳನ್ನು ಓದಿ ವಿಂಗಡಿಸುವುದು ಹಲವು ವರ್ಷ ನನ್ನ ಕೆಲಸವಾಗಿತ್ತು. ನನ್ನ ಅನುಭವದಲ್ಲಿ, ನೀವು ಹೇಳಿದ ಎರಡೂ ದಾರಿಯಲ್ಲಿ ಸಿಗುವುದು ಅಭಿಪ್ರಾಯ. ಒತ್ತಡವೇ ಬೇರೆ. "ಹೌದು, ನಿಯಂತ್ರಣ ಬೇಕು" ಎನ್ನಲು ಯಾರಿಗೂ ಏನೂ ಖರ್ಚಾಗುವುದಿಲ್ಲ. ಅದೇ ಮನುಷ್ಯ ಒಂದು ದಿನದ ಕೂಲಿ ಬಿಟ್ಟು ಅಹವಾಲು ಸಭೆಗೆ ಬಂದು ಕೂತರೆ, ಅಥವಾ ಇದೊಂದೇ ವಿಷಯಕ್ಕೆ ತನ್ನ ಮತವನ್ನು ಬದಲಿಸಿದರೆ, ಆಗ ಆಳುವವರಿಗೆ ಬಿಸಿ ತಟ್ಟುತ್ತದೆ. ಹಾಗಾಗಿ ನಾನು ನೋಡುವುದು ಜನ ಏನನ್ನು ತೆತ್ತಿದ್ದಾರೆ ಎಂಬುದನ್ನು: ಸಮಯ, ಹಣ, ಮತ, ಕೆಲವೊಮ್ಮೆ ನೌಕರಿ.

ಹಾಗೆಂದು ಸಮೀಕ್ಷೆಯನ್ನು ಕೈಬಿಡಬೇಡಿ. ಪ್ರಶ್ನೆಯಲ್ಲಿ ಬಳಸುವ ಮಾತಿನ ಬಗ್ಗೆ ಎಚ್ಚರವಿರಲಿ, ಅಷ್ಟೆ. 1967ರಲ್ಲಿ ಜನಾಭಿಪ್ರಾಯ ಸಂಶೋಧಕರಾದ ಲಾಯ್ಡ್ ಫ್ರೀ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಅಮೆರಿಕನ್ನರಲ್ಲಿ ಒಂದು ಇಬ್ಬಂದಿತನ ಗುರುತಿಸಿದರು. ತತ್ವದ ಮಟ್ಟದಲ್ಲಿ ಕೇಳಿದರೆ ಸರ್ಕಾರ ಕೈಹಾಕುವುದು ಬೇಡ ಎನ್ನುವವರೇ, ಒಂದೊಂದು ಕೆಲಸ ಹೆಸರಿಸಿ ಕೇಳಿದರೆ ಅದನ್ನು ಸರ್ಕಾರವೇ ಮಾಡಲಿ ಎನ್ನುತ್ತಿದ್ದರು. ನಾನು ಬರೆದ ಪ್ರಶ್ನಾವಳಿಗಳಲ್ಲೂ ಇದೇ ಆಗುತ್ತಿತ್ತು. "ಉದ್ಯಮಗಳ ಮೇಲೆ ಸರ್ಕಾರದ ನಿಯಂತ್ರಣ ಹೆಚ್ಚಬೇಕೆ?" ಎಂದಾಗ ಅನುಮಾನದಿಂದ ನೋಡುವವರು, "ಕಾರ್ಖಾನೆ ತನ್ನ ಕೊಳಚೆ ನೀರನ್ನು ಶುದ್ಧಗೊಳಿಸದೆ ನದಿಗೆ ಬಿಡಬಾರದು ಎಂಬ ನಿಯಮ ಬೇಕೆ?" ಎಂದರೆ ವಾಕ್ಯ ಮುಗಿಯುವ ಮೊದಲೇ ತಲೆಯಾಡಿಸುತ್ತಿದ್ದರು. ಎರಡೂ ಸುಳ್ಳಲ್ಲ. ನಿಮಗೆ ಬೇಕಾದದ್ದು ಯಾವ ಉತ್ತರ ಎಂದು ಮೊದಲೇ ತೀರ್ಮಾನಿಸಿ.

ಆಮೇಲೆ ಪ್ರಶ್ನೆಗೆ ಬೆಲೆ ಕಟ್ಟಿ. "ನಿಯಮದಿಂದ ಈ ವಸ್ತು ದುಬಾರಿಯಾದರೂ ಸರಿಯೆ?", "ನಿಮ್ಮ ಮನೆಯವರ ಕೆಲಸಕ್ಕೆ ಕುತ್ತು ಬಂದರೂ ಸರಿಯೆ?" ಎಂದು ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಿ. ಯಾವ ಮೆಟ್ಟಿಲಲ್ಲಿ ಎಷ್ಟು ಜನ ಇಳಿದುಹೋಗುತ್ತಾರೆ ಎಂಬುದು ಮೊದಲ ಉತ್ತರದ ಶೇಕಡಾವಾರಿಗಿಂತ ಹೆಚ್ಚು ಹೇಳುತ್ತದೆ. ಜೊತೆಗೆ ಒಂದು ಪ್ರಶ್ನೆಯನ್ನು ಆಯ್ಕೆಗಳನ್ನೇ ಕೊಡದೆ ಕೇಳಿ: "ಈಗ ನಿಮ್ಮನ್ನು ಅತಿ ಹೆಚ್ಚು ಕಾಡುತ್ತಿರುವ ಸಮಸ್ಯೆ ಯಾವುದು?" ನಿಮ್ಮ ಉದ್ಯಮದ ಹೆಸರು ನೀವು ಹೇಳಿಕೊಡದೆಯೇ ಅವರ ಬಾಯಿಂದ ಬಂದರೆ ಅದಕ್ಕೆ ತೂಕ ಇದೆ.

ಎಣಿಕೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಅಂತರ್ಜಾಲದ ಸಮಾನ ಸೇವೆಯ (ನೆಟ್ ನ್ಯೂಟ್ರಾಲಿಟಿ, ಅಂದರೆ ಸಂಪರ್ಕ ಕೊಡುವ ಕಂಪನಿ ಎಲ್ಲ ಜಾಲತಾಣಗಳನ್ನೂ ಒಂದೇ ರೀತಿ ನೋಡಬೇಕೆಂಬ ನಿಯಮಗಳ) ವಿವಾದವನ್ನು ನೋಡಿ. 2017ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಆ ನಿಯಮಗಳನ್ನು ತೆಗೆದುಹಾಕುವ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳಿತು. 2.2 ಕೋಟಿಗೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. 2021ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ತನಿಖಾ ವರದಿ ಬಂದಾಗ ಗೊತ್ತಾದದ್ದು, ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು. ನಿಯಮ ತೆಗೆಯಿರಿ ಎಂದು ಬ್ರಾಡ್‌ಬ್ಯಾಂಡ್ ಉದ್ಯಮ ಹಣ ಕೊಟ್ಟು ನಡೆಸಿದ ಪ್ರಚಾರದಿಂದ ಸುಮಾರು 85 ಲಕ್ಷ ಬಂದಿದ್ದವು. ನಿಯಮ ಉಳಿಯಲಿ ಎನ್ನುವ ಎದುರು ಪಾಳಯದ್ದೂ ಶುದ್ಧವಾಗಿರಲಿಲ್ಲ: 19 ವರ್ಷದ ಒಬ್ಬ ವಿದ್ಯಾರ್ಥಿಯೇ 77 ಲಕ್ಷ ಪ್ರತಿಕ್ರಿಯೆಗಳನ್ನು ಕಲ್ಪಿತ ಹೆಸರುಗಳಲ್ಲಿ ಕಳಿಸಿದ್ದ. ಅದಕ್ಕೂ ಮೊದಲು, ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇದೇ ಬಗೆಯ ಪ್ರಶ್ನೆ ಎತ್ತಿದಾಗ 24 ಲಕ್ಷದಷ್ಟು ಪ್ರತಿಕ್ರಿಯೆಗಳು ಬಂದಿದ್ದವು. ಅವುಗಳಲ್ಲಿ ಸುಮಾರು 19 ಲಕ್ಷ ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿದ್ದವು, ಬಹುಪಾಲು ಒಂದೇ ಅಚ್ಚಿನವು. ಕೇಳಿದ ನಾಲ್ಕು ಪ್ರಶ್ನೆಗೆ ಅವು ಉತ್ತರವೇ ಅಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು ಅದು ಕೊಟ್ಟ ಆದೇಶ ಆ ದೊಡ್ಡ ಸಂಖ್ಯೆಗೆ ವಿರುದ್ಧವಾಗಿತ್ತು.

ಅಚ್ಚು ಹೊಡೆದ ಪತ್ರಗಳನ್ನು ಪೂರ್ತಿ ಕಸಕ್ಕೆ ಹಾಕಿ ಎನ್ನಲಾರೆ. ಗುಂಡಿ ಒತ್ತಿದವರಲ್ಲೂ ನಿಜವಾದ ಕಾಳಜಿ ಇರುವವರಿದ್ದಾರೆ. ಆದರೆ ಅವನ್ನು ಬೇರೆ ಕಂತೆಯಲ್ಲಿಡಿ. ಸ್ವಂತ ಮಾತಿನಲ್ಲಿ ಬರೆದದ್ದು, ಅದರಲ್ಲೂ ದಿನಾಂಕ, ರಸೀದಿ, ಆಸ್ಪತ್ರೆಯ ಚೀಟಿ ಲಗತ್ತಿಸಿದ್ದು ಇನ್ನೊಂದು ಕಂತೆ. ಈ ಎರಡನೆಯ ಕಂತೆ ಯಾವಾಗಲೂ ಚಿಕ್ಕದು. ಆದರೆ ಅದು ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ಬೇರೆ ಬೇರೆ ಊರುಗಳಿಂದ ಬರುತ್ತಿದ್ದರೆ, ನಿಮ್ಮ ಅಳತೆಗೋಲು ಅದೇ.

ಒಂದೇ ದಿನದ ಅಳತೆಯಿಂದ ಏನೂ ತಿಳಿಯದು. ರಾಜಕೀಯ ವಿಜ್ಞಾನಿ ಕ್ರಿಸ್ಟೋಫರ್ ವ್ಲೆಝಿಯನ್ 1995ರಲ್ಲಿ ಜನಾಭಿಪ್ರಾಯವನ್ನು ಕೋಣೆ ಸಾಕಷ್ಟು ಬೆಚ್ಚಗಾದೊಡನೆ ಹೀಟರ್ ಆರಿಸುವ ತಾಪ ನಿಯಂತ್ರಕಕ್ಕೆ ಹೋಲಿಸಿದರು: ಸರ್ಕಾರ ಒಂದು ದಿಕ್ಕಿನಲ್ಲಿ ಹೆಚ್ಚು ಮಾಡಿದಷ್ಟೂ "ಇನ್ನೂ ಬೇಕು" ಎನ್ನುವವರು ಕಡಿಮೆಯಾಗುತ್ತಾರೆ. ನಿಯಮ ಬಂದ ಮೇಲೆ ಒತ್ತಡ ಇಳಿದಿದ್ದರೆ, ಜನರಿಗೆ ಆ ನಿಯಮ ಬೇಡವಾಗಿತ್ತು ಎಂದು ಬರೆದುಬಿಡಬೇಡಿ. ಇಂಥ ತಪ್ಪು ತೀರ್ಮಾನಗಳನ್ನು ವರದಿಗಳಲ್ಲಿ ಓದಿ ನನಗೆ ನಿಜಕ್ಕೂ ಬೇಸರವಾಗಿದೆ, ಏಕೆಂದರೆ ಅವನ್ನೇ ಹಿಡಿದುಕೊಂಡು ನಿಯಮ ಸಡಿಲಿಸುವವರಿದ್ದಾರೆ.

ಒತ್ತಡದಿಂದ ಏನಾಯಿತು ಎಂದು ನೋಡುವಾಗಲೂ ಎಚ್ಚರ ಬೇಕು. ಅಮೆರಿಕದ ಸೆನೆಟರ್ ಎಸ್ಟಿಸ್ ಕೀಫಾವರ್ ಔಷಧ ಉದ್ಯಮದ ಬೆಲೆಗಳ ಬಗ್ಗೆ 1959ರಲ್ಲೇ ವಿಚಾರಣೆ ಶುರುಮಾಡಿದ್ದರು. ಅವರ ಮಸೂದೆ ತೆವಳುತ್ತಿತ್ತು. 1962ರ ಜುಲೈನಲ್ಲಿ, ಗರ್ಭಿಣಿಯರು ನುಂಗಿದ ಥ್ಯಾಲಿಡೋಮೈಡ್ ಮಾತ್ರೆಯಿಂದ ಯುರೋಪಿನಲ್ಲಿ ಅಂಗವೈಕಲ್ಯದ ಮಕ್ಕಳು ಹುಟ್ಟಿದ್ದೂ, ಅಮೆರಿಕದಲ್ಲಿ ಔಷಧಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಫ್ರಾನ್ಸಿಸ್ ಕೆಲ್ಸಿ ಅದಕ್ಕೆ ಅನುಮತಿ ಕೊಡದೆ ತಡೆಹಿಡಿದಿದ್ದೂ ಪತ್ರಿಕೆಯ ಮುಖಪುಟಕ್ಕೆ ಬಂತು. ಅಕ್ಟೋಬರ್‌ನಲ್ಲಿ ಕಾನೂನೇ ಆಯಿತು. ಆದರೆ ಅದರ ದೊಡ್ಡ ಬದಲಾವಣೆ, ಮಾತ್ರೆ ರೋಗಕ್ಕೆ ನಿಜವಾಗಿ ನಾಟುತ್ತದೆಂದು ಕಂಪನಿ ಸಾಬೀತುಪಡಿಸಬೇಕು ಎಂಬುದು. ಜನ ಹೆದರಿದ್ದು ಸುರಕ್ಷತೆಗಾಗಿ. ಜನರ ಕೋಪ ಕಾನೂನು ಯಾವಾಗ ಎಂಬುದನ್ನು ತೀರ್ಮಾನಿಸಿತು. ಅದರಲ್ಲಿ ಏನಿರಬೇಕು ಎಂಬುದು ಮೊದಲೇ ಬರೆದಿಟ್ಟ ಮಸೂದೆಯಿಂದ ಬಂತು. ಈ ಎರಡನ್ನೂ ಒಂದೇ ಅಂಕಿಯಲ್ಲಿ ಹಿಡಿಯಲು ಹೋಗಬೇಡಿ.

ಉದ್ಯಮದ ಕಡೆಯಿಂದಲೂ ಅಳೆಯಬಹುದು, ಹೆಚ್ಚಿನವರು ಇದನ್ನು ಮರೆಯುತ್ತಾರೆ. ಬಿಸಿ ಮೊದಲು ತಟ್ಟುವುದು ಅವರಿಗೇ. 1993ರಲ್ಲಿ ವಿಡಿಯೋ ಗೇಮ್‌ಗಳ ಹಿಂಸೆಯ ಬಗ್ಗೆ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. 1994ರಲ್ಲಿ ಆ ಉದ್ಯಮ ತಾನಾಗಿಯೇ ವಯಸ್ಸಿನ ಗುರುತು ಹಾಕುವ ಮಂಡಳಿಯೊಂದನ್ನು ಕಟ್ಟಿಕೊಂಡಿತು. ಹೀಗೆ ಇದ್ದಕ್ಕಿದ್ದಂತೆ ಸ್ವಯಂ ನಿಯಂತ್ರಣದ ಮಾತು ಶುರುವಾದರೆ, ಹೂಡಿಕೆದಾರರಿಗೆ ಕೊಡುವ ವಾರ್ಷಿಕ ವರದಿಯ ಅಪಾಯಗಳ ಭಾಗದಲ್ಲಿ ಹೊಸ ಕಾನೂನಿನ ಪ್ರಸ್ತಾಪ ವರ್ಷದಿಂದ ವರ್ಷಕ್ಕೆ ಉದ್ದವಾದರೆ, ಅದನ್ನು ಗುರುತು ಹಾಕಿಕೊಳ್ಳಿ.

ನಾನು ಬಹಳ ತಡವಾಗಿ ಕಲಿತ ಸಂಗತಿಯೊಂದಿದೆ. ಒತ್ತಡ ಇಲ್ಲದಿರುವುದು ತೊಂದರೆ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಈಸ್ಟ್ ಶಿಕಾಗೊ ಮತ್ತು ಗ್ಯಾರಿ ಅಕ್ಕಪಕ್ಕದ ಉಕ್ಕಿನ ಊರುಗಳು, ಎರಡರಲ್ಲೂ ಗಾಳಿ ಕೆಟ್ಟಿತ್ತು. ಈಸ್ಟ್ ಶಿಕಾಗೊ 1949ರಲ್ಲೇ ಹೊಗೆಯ ಮೇಲೆ ನಿಯಮ ತಂದಿತು, ಗ್ಯಾರಿ 1962ರವರೆಗೆ ಕಾಯಿತು. ರಾಜಕೀಯ ವಿಜ್ಞಾನಿ ಮ್ಯಾಥ್ಯೂ ಕ್ರೆನ್‌ಸನ್ 1971ರಲ್ಲಿ ಕೊಟ್ಟ ವಿವರಣೆ ಇದು: ಗ್ಯಾರಿಯನ್ನು ಒಂದೇ ದೊಡ್ಡ ಉಕ್ಕಿನ ಕಂಪನಿ ಆವರಿಸಿತ್ತು, ಅದು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಅದರ ಶಕ್ತಿಯ ಅರಿವೇ ಜನರನ್ನು ಸುಮ್ಮನಿರಿಸಿತು. ಆ ವರ್ಷಗಳಲ್ಲಿ ನೀವು ಗ್ಯಾರಿಯಲ್ಲಿ ದೂರುಗಳನ್ನು ಎಣಿಸಿದ್ದರೆ ಸಿಗುತ್ತಿದ್ದುದು ಆ ಸುಮ್ಮನಿರುವಿಕೆಯ ಲೆಕ್ಕ.

ಹಾಗಾಗಿ ನಿಮ್ಮ ಪ್ರಶ್ನಾವಳಿಯ ಮೊದಲಲ್ಲೇ ಎರಡು ಪ್ರಶ್ನೆ ಸೇರಿಸಿ: ಈ ಉದ್ಯಮದಿಂದ ನಿಮಗೆ ಏನಾದರೂ ಹಾನಿಯಾಗಿದೆಯೆ? ಆಗಿದ್ದರೆ, ಎಲ್ಲಿ ದೂರು ಕೊಡಬೇಕೆಂದು ಗೊತ್ತೆ, ಕೊಡಲು ಹೆದರಿಕೆ ಇದೆಯೆ? ಹಾನಿಯಾಗಿದೆ ಎಂದವರಿಗೂ ದೂರು ಕೊಟ್ಟವರಿಗೂ ನಡುವಿನ ಅಂತರವನ್ನು ಪ್ರತ್ಯೇಕ ಅಂಕಿಯಾಗಿ ವರದಿಯಲ್ಲಿ ಕೊಡಿ. ನಿಮ್ಮದು ಯಾವ ಉದ್ಯಮ ಎಂದು ಬರೆದಿಲ್ಲ. ಪ್ರಶ್ನಾವಳಿಯ ಕರಡು ಇಲ್ಲಿ ಹಾಕಿದರೆ ಸಾಲು ಸಾಲಾಗಿ ನೋಡಿ ಹೇಳುತ್ತೇನೆ.