ಸಂಸದರ ದೇಣಿಗೆ ಪಟ್ಟಿಯಲ್ಲಿ ಔಷಧ ಕಂಪನಿ ಯಾಕೆ ಕಾಣ್ತಿಲ್ಲ?

ನೀವು ಅಮೆರಿಕದಲ್ಲಿದ್ದು, ಇನ್ಸುಲಿನ್ ಬೆಲೆ ಮಿತಿಯ ವಿರುದ್ಧ ಮತ ಹಾಕಿದ ನಿಮ್ಮ ಸಂಸದರ ದೇಣಿಗೆ ಪಟ್ಟಿಯಲ್ಲಿ ಔಷಧ ಕಂಪನಿ ಸಿಗದಿದ್ದರೆ ಕಾರಣ ಬಹುಶಃ ಇದು: ಅಲ್ಲಿ ಕಂಪನಿಗಳು ಫೆಡರಲ್ (ರಾಷ್ಟ್ರಮಟ್ಟದ) ಅಭ್ಯರ್ಥಿಗೆ ನೇರವಾಗಿ ಹಣ ಕೊಡುವಂತಿಲ್ಲ. 1907ರಿಂದಲೂ ಹೀಗೇ. ಹಣ ಬರುವುದು ಕಂಪನಿಯ ಪ್ಯಾಕ್ (ರಾಜಕೀಯ ದೇಣಿಗೆಗೆಂದೇ ಇರುವ ಪ್ರತ್ಯೇಕ ಸಮಿತಿ) ಮೂಲಕ, ಇಲ್ಲವೇ ಅಧಿಕಾರಿಗಳ ಸ್ವಂತ ಹೆಸರಲ್ಲಿ.

ಅಮೆರಿಕದ ಫೆಡರಲ್ ಚುನಾವಣಾ ಆಯೋಗದ (ಎಫ್‌ಇಸಿ) ತಾಣದಲ್ಲಿ ಮೊದಲು ಆ ಕಂಪನಿಯ ಪ್ಯಾಕ್ ಹುಡುಕಿ. ಅದರ ಖರ್ಚಿನ ಪಟ್ಟಿಯಲ್ಲಿ ಸಂಸದರ ಪ್ರಚಾರ ಕಮಿಟಿಯ ಹೆಸರಿದೆಯಾ ನೋಡಿ. ಒಂದು ಚುನಾವಣೆಗೆ ಸಾಮಾನ್ಯವಾಗಿ 5,000 ಡಾಲರ್ ಮಿತಿ, ಪ್ರೈಮರಿಗೆ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಬೇರೆ ಲೆಕ್ಕ. ಆಮೇಲೆ ವ್ಯಕ್ತಿಗಳ ದೇಣಿಗೆಗೆ ಹೋಗಿ, ಉದ್ಯೋಗದಾತರ ಜಾಗದಲ್ಲಿ ಕಂಪನಿ ಹೆಸರು ಹಾಕಿ. 200 ಡಾಲರ್‌ಗಿಂತ ಜಾಸ್ತಿ ಕೊಟ್ಟವರು ಅಲ್ಲಿ ಸಿಗುತ್ತಾರೆ.

ಇಷ್ಟಕ್ಕೇ ನಿಲ್ಲಿಸಬೇಡಿ. ನನ್ನ ಪ್ರಕಾರ ನಿಜವಾದ ಒತ್ತಡ ಇರೋದು ಲಾಬಿಯಲ್ಲಿ, ಅಂದರೆ ಕಾನೂನು ಮಾಡುವವರ ಮೇಲೆ ಪ್ರಭಾವ ಬೀರುವ ಕೆಲಸದಲ್ಲಿ. ಸೆನೆಟ್‌ನ ಲಾಬಿ ವರದಿಗಳು ಮೂರು ತಿಂಗಳಿಗೊಮ್ಮೆ ಬರುತ್ತವೆ. ಕಂಪನಿ ಯಾವ ಮಸೂದೆಗಾಗಿ ಲಾಬಿ ಮಾಡಿತು, ಒಟ್ಟು ಎಷ್ಟು ಖರ್ಚಾಯಿತು ಅಂತ ಅದರಲ್ಲಿರುತ್ತದೆ. ಮಸೂದೆಯ ಸಂಖ್ಯೆ ಹಾಕಿ ಹುಡುಕಿ, ಸುಮ್ನೆ ಕಂಪನಿ ಹೆಸರು ಹಾಕಿದರೆ ರಾಶಿ ವರದಿಗಳು ಬರುತ್ತವೆ.

ಪೂರ್ತಿ ಚಿತ್ರ ಸಿಗುವುದಿಲ್ಲ. ಕೆಲವು ಸಂಘಟನೆಗಳು ದಾನಿಗಳ ಹೆಸರು ಬಹಿರಂಗ ಮಾಡಬೇಕಾಗಿಲ್ಲ. ಹಣಕ್ಕಾಗಿಯೇ ಮತ ಹಾಕಿದರು ಅಂತಲೂ ಇದರಿಂದ ಸಾಬೀತಾಗದು. ಆದರೆ ಮೊತ್ತ, ದಿನಾಂಕ, ಮತದ ದಾಖಲೆ ಒಟ್ಟಿಗೆ ಇಟ್ಟು ಸಂಸದರ ಕಚೇರಿಗೆ ಬರೆದು ಉತ್ತರ ಕೇಳಬಹುದು.